ಜನರಲ್ ಮ್ಯಾನೇಜರಿಗೆ ಬರೆದ ಕಾಗದ

ಸೋಲುವ ತಂಡದ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಆಡುವವರು ಸೋಲುತ್ತಾರೆ, ಅದು ಆಟ. ನನಗೆ ಮೈ ಉರಿಯುತ್ತಿದ್ದದ್ದು ತಂಡವನ್ನು ನಡೆಸುತ್ತಿದ್ದವರ ಮೇಲೆ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಹೊಸ ಕೋಟು ಹಾಕಿಕೊಂಡು ಟೀವಿಯಲ್ಲಿ ಕೂತು, "ಈ ವರ್ಷ ನಾವು ತಂಡವನ್ನು ಮತ್ತೆ ಕಟ್ಟುತ್ತಿದ್ದೇವೆ" ಅನ್ನುತ್ತಿದ್ದರು. ಹಾಗಾದರೆ ಹೋದ ವರ್ಷ ಕಟ್ಟಿದ್ದು ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೆ, ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಕೂತು, ಕನ್ನಡದಲ್ಲಿ, ಜೋರಾಗಿ. ಅಡುಗೆಮನೆಯಿಂದ ನನ್ನ ಹೆಂಡತಿ, "ಅವ್ರಿಗೆ ಕೇಳಿಸಲ್ಲ ರೀ, ಪಕ್ಕದ ಮನೆಯವ್ರಿಗೆ ಕೇಳಿಸುತ್ತೆ" ಅನ್ನುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಮಾತು ಇದು. ಹುಡುಕಿದ್ದರೆ ಗೆಲ್ಲುವ ಬೇಸ್‌ಬಾಲ್ ತಂಡ ಒಂದನ್ನು ಹಿಡಿದುಕೊಳ್ಳಬಹುದಿತ್ತೇನೋ; ನನಗೆ ಗಂಟುಬಿದ್ದದ್ದು ಸೋಲುವ ತಂಡ. ಗಂಟುಹಾಕಿದವರು ನನ್ನ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಮಾಸ್ಟರ್ಸ್ ಮುಗಿಸಿ, ಸರ್ಕ್ಯೂಟ್ ಬೋರ್ಡು ಮಾಡುವ ಒಂದು ಕಂಪನಿಗೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿಯದೇ ಮನುಷ್ಯ, ಅಮೆರಿಕನ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೆಟ್ಟ ಬೋರ್ಡನ್ನು ಕೈಗೆ ಕೊಟ್ಟರೆ ಮೊದಲು ಮೂಸಿ ನೋಡುತ್ತಿದ್ದರು, ಆಮೇಲೆ ಬೆರಳ ತುದಿಯಲ್ಲಿ ಒಂದೊಂದೇ ಭಾಗವನ್ನು ಮುಟ್ಟುತ್ತಾ ಹೋಗಿ "ಇಲ್ಲಿದೆ" ಅನ್ನುತ್ತಿದ್ದರು. ನಾನು ಮೀಟರು ಹಿಡಿದು ಅರ್ಧ ದಿನ ಹುಡುಕಿದ್ದನ್ನು ಅವರು ಕಾಫಿ ಆರುವುದರೊಳಗೆ ಹುಡುಕಿಬಿಡುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ ಆ ಲ್ಯಾಬಿಗೆ ನನ್ನನ್ನೇ ಮ್ಯಾನೇಜರ್ ಮಾಡಿದರು, ಯಾಕೆಂದರೆ ಡಿಗ್ರಿ ಇದ್ದದ್ದು ನನಗೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಮೀಟಿಂಗಿಗೆ ನೀನು ಹೋಗು, ಬೋರ್ಡು ನಾನು ನೋಡಿಕೊಳ್ಳುತ್ತೇನೆ" ಎಂದರು.

ಮೊದಲ ಸಲ ಅವರು ನನ್ನನ್ನು ಆಟಕ್ಕೆ ಕರೆದುಕೊಂಡು ಹೋದದ್ದು ಒಂದು ಜೂನ್ ತಿಂಗಳಲ್ಲಿ. ಬೇಸಿಗೆ ಅಂದುಕೊಂಡು ನಾನು ಅರ್ಧ ತೋಳಿನ ಶರಟು ಹಾಕಿಕೊಂಡು ಹೊರಟಿದ್ದೆ. ಸೇತುವೆ ದಾಟಿ, ಫ್ರೀವೇ ಹಿಡಿದು ಸ್ಟೇಡಿಯಮ್ಮಿಗೆ ಬಂದು ಕೂತರೆ ಪಕ್ಕದ ಕೊಲ್ಲಿಯ ನೀರಿನ ಕಡೆಯಿಂದ ಗಾಳಿ ಹೊಡೆಯತೊಡಗಿತು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಮೂರನೆಯದಕ್ಕೇ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅವರು ಚೀಲದಿಂದ ಎರಡನೇ ಕಂಬಳಿ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ನನಗೆಂದೇ ತಂದಿದ್ದರು. ಹೇಳಿದರೆ ನಾನು ಕೇಳುವುದಿಲ್ಲ ಎಂದು ಗೊತ್ತಿತ್ತು ಅವರಿಗೆ.

ಆಟವನ್ನು ಅವರು ಕಲಿಸಿದ್ದು ಪೆನ್ಸಿಲಿನಿಂದ. ಒಂದು ಉದ್ದನೆಯ ಹಾಳೆ, ಅದರ ತುಂಬ ಚೌಕಗಳು. ಬ್ಯಾಟು ಹಿಡಿದು ಬಂದ ಪ್ರತಿಯೊಬ್ಬನಿಗೂ ಏನಾಯಿತು ಎಂದು ಒಂದೊಂದು ಚೌಕದಲ್ಲಿ ಗುರುತು ಹಾಕಬೇಕು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವನು. ಅವನ ಎಸೆತಕ್ಕೆ ಮೂರು ಸಲ ಬೀಸಿ ತಪ್ಪಿದರೆ ಔಟು; ಅದಕ್ಕೆ ಇಂಗ್ಲಿಷಿನ ಕೆ ಅಕ್ಷರ. ಬೀಸಬೇಕಾದ ಚೆಂಡಿಗೆ ಬೀಸದೆ, ಬ್ಯಾಟನ್ನು ಹೆಗಲ ಮೇಲೆ ಇಟ್ಟುಕೊಂಡು ನೋಡುತ್ತಲೇ ಔಟಾದರೆ ಅದೇ ಅಕ್ಷರವನ್ನು ಹಿಂದುಮುಂದಾಗಿ ಬರೆಯಬೇಕು. ಎರಡೂ ಔಟೇ ಅಲ್ಲವೇ, ವ್ಯತ್ಯಾಸ ಏನು ಎಂದು ಕೇಳಿದೆ. "ವ್ಯತ್ಯಾಸ ಇದೆ" ಎಂದರು, ಅಷ್ಟೇ. ಆಟ ಮುಗಿದ ಮೇಲೆ ಹಾಳೆಯನ್ನು ಮಡಿಸಿ ನನ್ನ ಆರು ವರ್ಷದ ಮಗಳಿಗೆ ಕೊಡು ಎಂದು ಕೊಡುತ್ತಿದ್ದರು. ಅವಳು ಅವನ್ನೆಲ್ಲ ಒಂದು ಬೂಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಆ ಹುಡುಗಿ ಅವರನ್ನು ಮಾತ್ರ ಕನ್ನಡದಲ್ಲಿ 'ಬೇಸ್‌ಬಾಲ್ ತಾತ' ಅನ್ನುತ್ತಿದ್ದಳು.

ನಮ್ಮಿಬ್ಬರ ಸ್ನೇಹದಲ್ಲಿ ಆಟಕ್ಕಿಂತ ಹೆಚ್ಚು ಜಾಗ ಆಡಳಿತವನ್ನು ಬೈಯುವುದಕ್ಕೆ ಹೋಗುತ್ತಿತ್ತು ಅಂದರೆ ತಪ್ಪಲ್ಲ. ಬೇಸ್‌ಬಾಲ್ ತಂಡಕ್ಕೆ ಇಬ್ಬರು ಯಜಮಾನರು. ಮೈದಾನದಲ್ಲಿ ಆಟಗಾರರ ಜೊತೆ ಕೂತು ಆಟ ನಡೆಸುವವನು ಮ್ಯಾನೇಜರ್. ಆಫೀಸಿನಲ್ಲಿ ಕೂತು ಯಾರು ಬರಬೇಕು, ಯಾರು ಹೋಗಬೇಕು, ಯಾರನ್ನು ಇನ್ನೊಂದು ಊರಿಗೆ ಕೊಟ್ಟು ಯಾರನ್ನು ತರಬೇಕು ಎಂದು ತೀರ್ಮಾನಿಸುವವನು ಜನರಲ್ ಮ್ಯಾನೇಜರ್. ನಮ್ಮ ತಂಡದಲ್ಲಿ ಮೊದಲನೆಯವನು ಬದಲಾಗುತ್ತಲೇ ಇದ್ದ. ಸೋಲು ಹೆಚ್ಚಾದಾಗಲೆಲ್ಲ ಅವನನ್ನು ತೆಗೆದು ಇನ್ನೊಬ್ಬನನ್ನು ತರುತ್ತಿದ್ದರು. ಚೆಂಡನ್ನು ಗಾಳಿಯ ವಿರುದ್ಧ ಹೊಡೆಯಬಲ್ಲ ಒಬ್ಬನಿದ್ದರೆ ಅವನನ್ನು ಕೊಟ್ಟು, ಮಂಡಿ ಹೋದ ಇನ್ನೊಬ್ಬನನ್ನು ತಂದರು. ಗಾಳಿಗೆ ಹೆದರುವ ಬಿಸಿಲುನಾಡಿನ ಹುಡುಗರನ್ನು ಕರೆತಂದು ಆ ಚಳಿಯಲ್ಲಿ ನಿಲ್ಲಿಸಿದರು. ಇಷ್ಟೆಲ್ಲ ಬದಲಾಯಿಸುತ್ತಿದ್ದವನೊಬ್ಬ ಮಾತ್ರ ಬದಲಾಗಲಿಲ್ಲ. "ಅವನ ಕುರ್ಚಿಗೆ ಗಾಳಿ ತಾಗುವುದಿಲ್ಲ, ಅದಕ್ಕೆ" ಎಂದು ನನ್ನ ಸ್ನೇಹಿತರು ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾ ಹೇಳುತ್ತಿದ್ದರು.

ನಾನು ಹೇಳುತ್ತಿರುವ ವರ್ಷ ತಂಡ ಹೀನಾಯವಾಗಿ ಸೋತಿತು. ಸೀಟುಗಳು ಖಾಲಿ ಬೀಳುತ್ತಿದ್ದವು, ಕಾಗದದ ಲೋಟಗಳು ಮೈದಾನದಲ್ಲಿ ಹಾರಾಡುತ್ತಿದ್ದವು. ಅದರ ನಡುವೆ ನೋಡಲು ಉಳಿದಿದ್ದದ್ದು ಒಬ್ಬ ವಯಸ್ಸಾದ ಎಡಗೈ ಪಿಚರ್. ಅವನ ತೋಳಿನಲ್ಲಿ ಮೊದಲಿನ ವೇಗ ಇರಲಿಲ್ಲ, ತಲೆ ಇತ್ತು. ಚೆಂಡನ್ನು ಎಲ್ಲಿ ಇಟ್ಟರೆ ಬ್ಯಾಟುಗಾರನಿಗೆ ಕಿರಿಕಿರಿ ಆಗುತ್ತದೋ ಅಲ್ಲೇ ಇಡುತ್ತಿದ್ದ. ಮೊದಲಿನಿಂದಲೂ ಆ ಒಂದೇ ತಂಡಕ್ಕೆ ಆಡಿದವನು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವನನ್ನು ದೂರದ ಊರೊಂದಕ್ಕೆ ಕೊಟ್ಟುಬಿಟ್ಟರು. ಅವನು ಅಭ್ಯಾಸಕ್ಕೆಂದು ಸ್ಟೇಡಿಯಮ್ಮಿಗೆ ಕಾರು ಓಡಿಸಿಕೊಂಡು ಬರುತ್ತಿದ್ದಾಗ ರೇಡಿಯೋದಲ್ಲಿ ಅವನದೇ ಸುದ್ದಿ ಬಂತಂತೆ. ಅವತ್ತೇ ಸಂಜೆ ಜನರಲ್ ಮ್ಯಾನೇಜರ್ ರೇಡಿಯೋದಲ್ಲಿ ಮಾತಾಡಿದ. ಕಷ್ಟದ ನಿರ್ಧಾರವಾಗಿತ್ತು, ತಂಡದ ಭವಿಷ್ಯವನ್ನು ನೋಡಬೇಕಾಗುತ್ತದೆ, ಅವರ ಸೇವೆಯನ್ನು ನಾವು ಮರೆಯುವುದಿಲ್ಲ ಎಂದೆಲ್ಲ ಅಂದ.

ನನಗೆ ತಲೆ ಕೆಟ್ಟುಹೋಯಿತು. ಮಾರನೆಯ ದಿನ ಲಂಚಿನ ಹೊತ್ತಿನಲ್ಲಿ ಲ್ಯಾಬಿನ ಬೆಂಚಿನ ಮೇಲೆ ಕೂತು ಆ ಜನರಲ್ ಮ್ಯಾನೇಜರಿಗೆ ಕಾಗದ ಬರೆದೆ. ಸಿಟ್ಟು ಬಂದಾಗ ನನ್ನ ಇಂಗ್ಲಿಷ್ ಉದ್ದವಾಗುತ್ತದೆ. ಎರಡು ಪುಟ ಆಯಿತು. ನನ್ನ ಸ್ನೇಹಿತರು ಪೆನ್ಸಿಲು ಹಿಡಿದು ಓದಿದರು. ಬೈಗುಳಗಳನ್ನು ಹೊಡೆದುಹಾಕಿದರು, ವಿಶೇಷಣಗಳನ್ನು ಹೊಡೆದುಹಾಕಿದರು, ಕೊನೆಗೆ ಎರಡು ಪುಟದಲ್ಲಿ ಅರ್ಧ ಪುಟ ಉಳಿಯಿತು. ಒಂದು ವಾಕ್ಯದ ಕೆಳಗೆ ಮಾತ್ರ ಗೆರೆ ಎಳೆದು, "ಇದು ಇರಲಿ, ಇದಷ್ಟೇ ಇದ್ದರೂ ಸಾಕು" ಎಂದರು. ಆ ವಾಕ್ಯ ಇದು: ಒಬ್ಬ ಮನುಷ್ಯನ ಮುಖ ನೋಡಿ ಕೆಟ್ಟ ಸುದ್ದಿ ಹೇಳುವ ಧೈರ್ಯ ಇಲ್ಲದವನು ಮನುಷ್ಯರನ್ನು ಆಳುವ ಕೆಲಸಕ್ಕೆ ಬರಬಾರದು. ಕೆಳಗೆ ಇಬ್ಬರೂ ಸಹಿ ಹಾಕಿದೆವು. ಪೋಸ್ಟಿಗೆ ಹಾಕಿದವನು ನಾನು.

ಅದೇ ಬೇಸಿಗೆಯಲ್ಲಿ ನಮ್ಮ ಸುತ್ತಿನ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೂ ಕೆಟ್ಟ ಕಾಲ ಬಂತು. ಆರ್ಡರುಗಳು ನಿಂತವು. ಪಾರ್ಕಿಂಗ್ ಜಾಗದಲ್ಲಿ ಕಾರುಗಳು ಕಡಿಮೆಯಾಗುತ್ತಾ ಹೋದವು. ಸೆಪ್ಟೆಂಬರಿನ ಒಂದು ಗುರುವಾರ ನನ್ನ ಮೇಲಿನವನು ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದ. ನನ್ನ ಲ್ಯಾಬಿನ ಏಳು ಜನರಲ್ಲಿ ಇಬ್ಬರನ್ನು ತೆಗೆಯಬೇಕು, ಸಂಜೆಯೊಳಗೆ ಹೆಸರು ಕೊಡಬೇಕು, ಸೋಮವಾರ ಬೆಳಿಗ್ಗೆ ಅವರಿಗೆ ತಿಳಿಸಬೇಕು, ಅಲ್ಲಿಯವರೆಗೆ ಯಾರ ಹತ್ತಿರವೂ ಉಸಿರೆತ್ತಬಾರದು ಎಂದ. ಉಸಿರೆತ್ತುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡ.

ಒಂದು ಹೆಸರು ಸುಲಭವಾಗಿತ್ತು, ಸೇರಿ ಎರಡು ತಿಂಗಳಾಗಿದ್ದ ಒಬ್ಬನದು. ಎರಡನೆಯದಕ್ಕೆ ನಾನು ಮಧ್ಯಾಹ್ನವೆಲ್ಲ ಕೂತೆ. ಬೋರ್ಡು ಪರೀಕ್ಷೆ ಮಾಡುವ ಹೊಸ ಮಿಷನ್ನು ಆ ವಸಂತದಲ್ಲಷ್ಟೇ ಬಂದಿತ್ತು. ಅದು ಮೂಸಿ ನೋಡುತ್ತಿರಲಿಲ್ಲ, ಮುಟ್ಟಿ ನೋಡುತ್ತಿರಲಿಲ್ಲ, ಆದರೆ ನನ್ನ ಸ್ನೇಹಿತರು ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಮಾಡುತ್ತಿತ್ತು. ಉಳಿದವರು ಆ ಮಿಷನ್ನನ್ನು ಕಲಿತಿದ್ದರು. ಅವರು ಕಲಿತಿರಲಿಲ್ಲ, ಕಲಿಯಿರಿ ಎಂದು ನಾನೂ ಒತ್ತಾಯ ಮಾಡಿರಲಿಲ್ಲ. ಹಿರಿಯರಿಗೆ ಪಾಠ ಹೇಳಲು ನನಗೆ ಸಂಕೋಚ. ಮ್ಯಾನೇಜರಾಗಿ ನಾನು ಮಾಡಬೇಕಿದ್ದ ಕೆಲಸವನ್ನು ಮಾಡದೇ ಇದ್ದದ್ದೇ ಅವರ ಹೆಸರು ಆ ಪಟ್ಟಿಗೆ ಬರಲು ಕಾರಣವಾಯಿತು ಅಂತ ಈಗ ಅನ್ನಿಸುತ್ತದೆ. ಅವತ್ತು ಹಾಗೆ ಅನ್ನಿಸಲಿಲ್ಲ. ಅವತ್ತು ನನಗೆ ನಾನೇ, ಇದು ಕಷ್ಟದ ನಿರ್ಧಾರ, ಲ್ಯಾಬಿನ ಭವಿಷ್ಯ ನೋಡಬೇಕು ಎಂದು ಹೇಳಿಕೊಂಡೆ. ಆ ಮಾತನ್ನು ಎಲ್ಲಿ ಕೇಳಿದ್ದೆ ಎಂದು ಕೂಡ ಹೊಳೆಯಲಿಲ್ಲ.

ಆ ವಾರ ಗಣೇಶನ ಹಬ್ಬ. ಹಬ್ಬ ವಾರದ ನಡುವೆ ಬಂದರೂ ಅಲ್ಲಿ ನಾವೆಲ್ಲ ಶನಿವಾರಕ್ಕೆ ಎಳೆದುಕೊಂಡು ಹಬ್ಬದೂಟ ಮಾಡುತ್ತಿದ್ದೆವು. ನನ್ನ ಸ್ನೇಹಿತರನ್ನು ನನ್ನ ಹೆಂಡತಿ ಎರಡು ವಾರ ಮೊದಲೇ ಊಟಕ್ಕೆ ಕರೆದುಬಿಟ್ಟಿದ್ದಳು. ಶುಕ್ರವಾರ ರಾತ್ರಿ ಅವಳು ತೆಂಗಿನಕಾಯಿ ತುರಿಯುತ್ತಿದ್ದಾಗ, "ನಾಳೆ ಅವರು ಬರೋದು ಬೇಡ ಅನ್ನೋಣವಾ, ನಂಗ್ಯಾಕೋ ಹುಷಾರಿಲ್ಲ" ಎಂದೆ. "ಹಬ್ಬದ ದಿನ ಕರೆದೋರನ್ನ ಬರಬೇಡಿ ಅಂತಾರೇನ್ರೀ? ನೀವು ಮಲಗಿರಿ, ನಾನು ಬಡಿಸ್ತೀನಿ" ಎಂದಳು. ಅವಳಿಗೆ ನಾನು ಏನೂ ಹೇಳಲಿಲ್ಲ.

ಇಲ್ಲಿ ನನ್ನ ತಾಯಿಯ ವಿಷಯ ಹೇಳಬೇಕು. ಎಲೆಯ ಮುಂದೆ ಕೂತವರಿಗೆ ಕೆಟ್ಟ ಸುದ್ದಿ ಹೇಳಬಾರದು ಎನ್ನುವುದು ನಮ್ಮ ಮನೆಯಲ್ಲಿ ಉಸಿರಾಡಿದಷ್ಟು ಸಹಜವಾಗಿದ್ದ ನಿಯಮ. ನಾನು ಚಿಕ್ಕವನಾಗಿದ್ದಾಗ ಒಂದು ನಾಮಕರಣದ ಊಟದ ನಡುವೆ ತಂತಿ ಬಂತು. ಪಂಕ್ತಿಯಲ್ಲಿ ಕೂತಿದ್ದ ನೆಂಟರೊಬ್ಬರ ಅಣ್ಣ ತೀರಿಕೊಂಡಿದ್ದರು. ಅಮ್ಮ ಆ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ನೆಂಟರಿಗೆ ಹುಳಿ ಬಡಿಸಿದಳು, ಪಾಯಸ ಬಡಿಸಿದಳು, ಮಜ್ಜಿಗೆ ಬಡಿಸಿದಳು. ಅವರು ಎದ್ದು ಕೈತೊಳೆದು ಬಂದ ತಕ್ಷಣ ಪಕ್ಕಕ್ಕೆ ಕರೆದು, ಅವರ ಕೈಹಿಡಿದುಕೊಂಡು ತಾನೇ ಹೇಳಿದಳು. ಬೇರೆ ಯಾರೂ ಹೇಳಲು ಬಿಡಲಿಲ್ಲ. ಆ ನಿಯಮಕ್ಕೆ ಎರಡು ಭಾಗ ಇತ್ತು. ಊಟ ಆಗುವವರೆಗೆ ಹೇಳಬಾರದು. ಊಟ ಆದ ಮೇಲೆ ಒಂದು ನಿಮಿಷವೂ ತಡಮಾಡಬಾರದು.

ಶನಿವಾರ ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ನನ್ನ ಮಗಳಿಗೆ ಒಂದು ಹಳೆಯ ಬೇಸ್‌ಬಾಲ್ ಚೆಂಡು ಹಿಡಿದುಕೊಂಡು ಬಂದರು. ಫಿಲಿಪಿನೋ ಅಂಗಡಿಯ ಫ್ರೀಜರಿನಲ್ಲಿ ಬಾಳೆಎಲೆ ಸಿಗುತ್ತದೆ ಎಂದು ನನ್ನ ಹೆಂಡತಿ ಆ ವರ್ಷವಷ್ಟೇ ಕಂಡುಹಿಡಿದಿದ್ದಳು. ಡೈನಿಂಗ್ ಟೇಬಲ್ಲಿನ ಮೇಲೆ ಎಲೆ ಹಾಸಿ ಅವರನ್ನು ಕೂರಿಸಿದಳು. ಅವರು ಕೋಸಂಬರಿಯಿಂದ ಶುರುಮಾಡಿ ಎಲ್ಲವನ್ನೂ ಕೈಯಲ್ಲೇ ತಿಂದರು. ಬೋರ್ಡು ಮುಟ್ಟುತ್ತಿದ್ದ ಬೆರಳುಗಳು ಅನ್ನಕ್ಕೂ ಬೇಗ ಒಗ್ಗಿದವು. ಕಡುಬು ಬಹಳ ಹಿಡಿಸಿತು. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ನನ್ನ ಹೆಂಡತಿ ಕೈ ಸರಿಸಿ ಇನ್ನೆರಡು ಹಾಕಿದಳು. ಅವರು ನಕ್ಕರು.

ಆಗ ಅವರು ಆ ಮಾತು ತೆಗೆದರು. ನಮ್ಮಲ್ಲಿಂದ ಅರ್ಧ ಗಂಟೆ ದಾರಿಯ ಡಬ್ಲಿನ್ ಎನ್ನುವ ಊರಿನಲ್ಲಿ ಅವರ ಹಳೆಯ ಸ್ನೇಹಿತರೊಬ್ಬರು ಒಂದು ಸಣ್ಣ ಕಂಪನಿ ಶುರುಮಾಡಿದ್ದರಂತೆ. ಮಿಷನ್ನು ಕೊಳ್ಳುವಷ್ಟು ದೊಡ್ಡದಲ್ಲ, ಅದಕ್ಕೇ ಅವರಂಥವರೇ ಬೇಕಂತೆ. ಬಾ ಎಂದು ಕರೆದಿದ್ದರು. ಇವತ್ತು ಐದು ಗಂಟೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು, ಇಲ್ಲವಾದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರೆ.

"ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ" ಎಂದರು. "ಈ ವಯಸ್ಸಿನಲ್ಲಿ ಹೊಸ ಜಾಗ ಯಾಕೆ. ಇಲ್ಲಿ ನೀನಿದ್ದೀಯ. ಏನಾದರೂ ಆಗುವ ಹಾಗಿದ್ದರೆ ನೀನು ನನಗೆ ಮೊದಲೇ ಹೇಳುತ್ತೀಯ."

ಅವರು ನನ್ನನ್ನು ನೋಡಿದರು. ಅದು ಪ್ರಶ್ನೆ ಅಲ್ಲ, ಪ್ರಶ್ನೆಯ ಜಾಗದಲ್ಲಿ ಇಟ್ಟ ನಂಬಿಕೆ. ಎಲೆಯ ಮುಂದೆ ಕೂತಿದ್ದಾರೆ, ಈಗ ಹೇಳಬಾರದು, ಕೈತೊಳೆದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಬಾಯಿಂದ ಬಂದದ್ದು, "ಪಾಯಸ ಹಾಕಿಸಿಕೊಳ್ಳಿ."

ಅವರು ಕೈತೊಳೆದು ಬಂದರು. ನನ್ನ ಹೆಂಡತಿ ಬಾಳೆಹಣ್ಣು, ತೆಂಗಿನಕಾಯಿ ಅವರ ಕೈಗೆ ಕೊಟ್ಟಳು. ಯಾಕೆ ಎಂದು ಕೇಳಿದರು; ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ ಎಂದು ಹೇಳಿದೆ. ಅದನ್ನು ಹೇಳಲು ಬಾಯಿ ಬಂತು. ಅಡುಗೆಮನೆಯ ಗೋಡೆಯ ಫೋನನ್ನು ತೋರಿಸಿ, "ಒಂದು ಫೋನು ಮಾಡಲೇ" ಎಂದರು. ಗಂಟೆ ನಾಲ್ಕೂ ಆಗಿರಲಿಲ್ಲ. ಹೇಳಲು ಜಾಗ ಇತ್ತು, ಹೊತ್ತು ಇತ್ತು, ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಒಳಗೆ ಹೋಗಿದ್ದಳು. ನಾನು ರಿಸೀವರ್ ತೆಗೆದು, ಸುತ್ತಿಕೊಂಡಿದ್ದ ವೈರನ್ನು ಬಿಡಿಸಿ, ಅವರ ಕೈಗೆ ಕೊಟ್ಟೆ.

ನನ್ನ ಗ್ರೀನ್ ಕಾರ್ಡಿನ ಅರ್ಜಿ ಆ ಕಂಪನಿಯ ಕೈಯಲ್ಲಿತ್ತು. ಸಹಿ ಹಾಕಿದ್ದ ಕಾಗದ ತಲೆಯಲ್ಲಿತ್ತು. ಇವೆಲ್ಲ ನಿಜ. ಆದರೆ ಅವರು ನಂಬರು ತಿರುಗಿಸುತ್ತಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದ್ಯಾವುದೂ ಅಲ್ಲ. ಈ ಮನುಷ್ಯನ ಮುಖ ಬದಲಾಗುವುದನ್ನು ನನ್ನ ಮನೆಯಲ್ಲಿ, ಹಬ್ಬದ ದಿನ, ನಾನು ನೋಡಲಾರೆ ಎನ್ನುವ ಹೇಡಿತನ, ಅಷ್ಟೇ. ಅವರು ಫೋನಿನಲ್ಲಿ ನಗುನಗುತ್ತಾ ಮಾತಾಡಿದರು. ಥ್ಯಾಂಕ್ಸ್ ಹೇಳಿದರು. ಇಲ್ಲಿ ಚೆನ್ನಾಗಿದ್ದೇನೆ ಎಂದರು. ಫೋನು ಇಟ್ಟು, ತೆಂಗಿನಕಾಯಿಯನ್ನು ಕೈಯಲ್ಲಿ ಒಮ್ಮೆ ಅಲ್ಲಾಡಿಸಿ ಕಿವಿಗೆ ಹಿಡಿದು ಕೇಳಿಸಿಕೊಂಡು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ನನ್ನ ರೂಮಿನಲ್ಲಿ, ಕಂಪನಿ ಕೊಟ್ಟಿದ್ದ ಹಾಳೆಯನ್ನು ನೋಡಿಕೊಂಡು ನಾನು ಅವರಿಗೆ ಓದಿದೆ. ತಲೆ ಎತ್ತಬೇಡ, ಹಾಳೆಯನ್ನೇ ಓದು ಎಂದು ಪರ್ಸೊನೆಲ್ ಆಫೀಸಿನವಳು ಹೇಳಿಕೊಟ್ಟಿದ್ದಳು. ಬಹಳ ಅನುಕೂಲವಾದ ಸಲಹೆ. ಅವರು ಎದ್ದು ಲ್ಯಾಬಿಗೆ ಹೋದರು. ಬೆಂಚಿನ ಖಾನೆಯಿಂದ ತಮ್ಮ ಭೂತಗನ್ನಡಿ, ಎರಡು ಪೆನ್ಸಿಲು, ಥರ್ಮಾಸು ತೆಗೆದುಕೊಂಡು ಹೊರಟರು. ಡಬ್ಲಿನ್ನಿಗೆ ಫೋನು ಮಾಡಿರಬೇಕು ಎಂದು ಮಧ್ಯಾಹ್ನವೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ವಾರ ತಂಡದ ಆಫೀಸಿನಿಂದ ನಮ್ಮ ಕಾಗದಕ್ಕೆ ಉತ್ತರ ಬಂತು. ಅಚ್ಚು ಹಾಕಿಸಿದ ನಾಲ್ಕು ಸಾಲು. ನಿಮ್ಮ ಕಾಳಜಿಗೆ ವಂದನೆಗಳು, ಅದು ಕಷ್ಟದ ನಿರ್ಧಾರವಾಗಿತ್ತು, ಅವರ ಸೇವೆಯನ್ನು ನಾವು ಮರೆಯುವುದಿಲ್ಲ. ಕೆಳಗೆ ರಬ್ಬರ್ ಸ್ಟಾಂಪಿನ ಸಹಿ. ಸೋಮವಾರ ನಾನು ಓದಿದ ಹಾಳೆಯ ಪ್ರತಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೇಸಿಗೆಯೆಲ್ಲ ಬೈದಿದ್ದ ಆ ಮನುಷ್ಯನನ್ನು ಅವತ್ತು ಬೈಯಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಬೇಸ್‌ಬಾಲ್ ಋತುವಿನ ಕೊನೆಯ ಭಾನುವಾರದ ಆಟಕ್ಕೆ ನಾವು ಮೊದಲೇ ಎರಡು ಟಿಕೆಟ್ಟು ತೆಗೆದಿಟ್ಟಿದ್ದೆವು. ಅವು ಅವರ ಹತ್ತಿರ ಇದ್ದವು. ಆ ಭಾನುವಾರಕ್ಕೆ ಮೂರು ದಿನ ಇದೆ ಎನ್ನುವಾಗ ಟಪಾಲಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಒಂದು ಟಿಕೆಟ್ಟು, ಬೇರೆ ಏನೂ ಇಲ್ಲ. ಹೋಗುವುದೋ ಬೇಡವೋ ಎಂದು ಆ ಬೆಳಿಗ್ಗೆವರೆಗೂ ಒದ್ದಾಡಿ ಹೋದೆ. ಅವರು ಮೊದಲೇ ಬಂದು ಕೂತಿದ್ದರು, ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲು. ಪಕ್ಕದ ಸೀಟಿನ ಮೇಲೆ ಎರಡನೇ ಕಂಬಳಿ ಮಡಿಸಿ ಇಟ್ಟಿದ್ದರು.

ಆರು ಇನ್ನಿಂಗ್ಸ್ ಆಟದ ಮಾತು ಬಿಟ್ಟು ಬೇರೆ ಮಾತು ಇಲ್ಲ. ತಂಡ ಸೋಲುತ್ತಿತ್ತು. ಜನ ಎದ್ದು ಹೋಗುತ್ತಿದ್ದರು. ಏಳನೇ ಇನ್ನಿಂಗ್ಸಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಬ್ಯಾಟು ಬೀಸದೆ ನಿಂತು ಔಟಾದ. ಅವರು ಕೆ ಅಕ್ಷರವನ್ನು ಹಿಂದುಮುಂದಾಗಿ ಬರೆದು, ಹಾಳೆಯಿಂದ ಕಣ್ಣೆತ್ತದೆ ಕೇಳಿದರು.

"ಅವತ್ತು ನಿನ್ನ ಮನೆಯಲ್ಲಿ ನಾನು ಊಟ ಮಾಡುವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

"ಫೋನು ಕೊಟ್ಟಾಗ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು. ಸೋಮವಾರವೇ ಡಬ್ಲಿನ್ನಿಗೆ ಫೋನು ಮಾಡಿದ್ದರಂತೆ. ಶನಿವಾರ ಐದು ಗಂಟೆಗೇ ಆ ಕೆಲಸ ಇನ್ನೊಬ್ಬರ ಪಾಲಾಗಿತ್ತು. ನಾನು ತಡೆಯಲಾರದೆ ಮಾತಾಡತೊಡಗಿದೆ. ಸಹಿ ಹಾಕಿದ ಕಾಗದದ ಬಗ್ಗೆ ಹೇಳಿದೆ, ಗ್ರೀನ್ ಕಾರ್ಡಿನ ಬಗ್ಗೆ ಹೇಳಿದೆ, ನಮ್ಮಲ್ಲಿ ಊಟಕ್ಕೆ ಕೂತವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ ಎಂದು ಹೇಳಿದೆ. ಅಮ್ಮನ ನಿಯಮದ ಎರಡನೇ ಭಾಗವನ್ನು ಹೇಳಲಿಲ್ಲ. ಹೇಳುತ್ತಿರುವಾಗಲೇ ನನ್ನ ದನಿ ನನಗೇ ಹೇಸಿಗೆಯಾಗಿ ಕೇಳಿಸಿತು. ರೇಡಿಯೋದಲ್ಲಿ ಆ ಜನರಲ್ ಮ್ಯಾನೇಜರ್ ಮಾತಾಡಿದ್ದು ಅದೇ ದನಿಯಲ್ಲಿ.

ಅವರು ನಾನು ಮುಗಿಸುವವರೆಗೆ ಕಾದರು. ಆಮೇಲೆ ಸಿಟ್ಟಿಲ್ಲದೆ, ಏನೋ ಲೆಕ್ಕ ಸರಿಯಾಗಿದೆಯೇ ಎಂದು ನೋಡುವವರ ಹಾಗೆ ಹೇಳಿದರು.

"ಆ ಪಿಚರ್‌ಗೆ ಅವರು ಮೊದಲು ಊಟ ಹಾಕಲಿಲ್ಲವಲ್ಲ."

ಆಟ ಮುಗಿಯುವವರೆಗೂ ಒಂದು ಚೌಕವನ್ನೂ ಬಿಡದೆ ಗುರುತು ಹಾಕಿದರು. ಕೊನೆಯ ಔಟು ಆದ ಮೇಲೆ ಹಾಳೆಯನ್ನು ಮಡಿಸಿ, ಮಗಳಿಗೆ ಕೊಡು ಎಂದು ಕೊಟ್ಟರು. ಪಾರ್ಕಿಂಗಿನಲ್ಲಿ ಅವರ ಕಾರು ಒಂದು ಕಡೆ, ನನ್ನದು ಒಂದು ಕಡೆ. ಚಳಿಗಾಲದಲ್ಲಿ ನಾನು ಎರಡು ಸಲ ಫೋನು ಮಾಡಿದೆ. ಎರಡನೇ ಸಲ ಆ ನಂಬರು ಇಲ್ಲ ಎಂದು ರೆಕಾರ್ಡಿಂಗು ಹೇಳಿತು. ಅಕ್ಕನ ಊರಿಗೆ ಹೋದರು ಎಂದು ಲ್ಯಾಬಿನಲ್ಲಿ ಯಾರೋ ಅಂದರು.

ಮುಂದಿನ ವರ್ಷ ತಂಡ ಸ್ವಲ್ಪ ಗೆಲ್ಲತೊಡಗಿತು. ನಾನು ನೋಡಲು ಹೋಗಲಿಲ್ಲ. ಗಣೇಶನ ಹಬ್ಬ ಬಂತು. ಹಿಂದಿನ ದಿನ ನನ್ನ ಹೆಂಡತಿ ಫ್ರೀಜರಿನಿಂದ ಬಾಳೆಎಲೆ ತೆಗೆದು ಸಿಂಕಿನಲ್ಲಿ ನೀರು ಬಿಟ್ಟು ಒಂದೊಂದೇ ಬಿಡಿಸುತ್ತಿದ್ದಳು.

"ಬೇಸ್‌ಬಾಲ್ ತಾತನ್ನ ಹೆಂಗಾದ್ರೂ ಹುಡುಕಿ ಕರೀರಿ" ಎಂದಳು. "ಪಾಪ, ಹೋದ ವರ್ಷ ಅಷ್ಟು ಖುಷಿಯಾಗಿ ಊಟ ಮಾಡಿ ಹೋದ್ರು, ಎರಡು ದಿನಕ್ಕೇ ಹಂಗಾಗೋಯ್ತು. ನಮ್ಮನೆ ಊಟ ಅವ್ರಿಗೆ ಆಗಿಬರಲಿಲ್ಲ ಅನ್ಕೊಂಡಿರ್ತಾರೆ."

ಒಂದು ವರ್ಷ ಪೂರ್ತಿ ಅವಳು ಹಾಗೆ ತಿಳಿದುಕೊಂಡಿದ್ದಳು. ಸೋಮವಾರ ಮೇಲಿನವರು ದಿಢೀರನೆ ತೆಗೆದರು, ನನಗೂ ಆಗಲೇ ಗೊತ್ತಾಯಿತು ಎಂದು ನಾನೇ ಹೇಳಿದ್ದೆ. ಈಗ ಯಾರೂ ಎಲೆಯ ಮುಂದೆ ಕೂತಿರಲಿಲ್ಲ. ಅವಳ ಮುಖ ನೋಡಿಕೊಂಡು ಎಲ್ಲ ಹೇಳಿದೆ: ಗುರುವಾರ ಹೆಸರು ಕೊಟ್ಟವನು ನಾನು, ಶನಿವಾರ ಅವರ ಕೈಗೆ ಫೋನು ಕೊಟ್ಟವನೂ ನಾನು.

ಅವಳು ನಲ್ಲಿ ನಿಲ್ಲಿಸಿದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒದ್ದೆ ಕೈಯಲ್ಲಿ ಎಲೆ ಹಿಡಿದುಕೊಂಡೇ ನಿಂತಿದ್ದಳು.

"ಬಡಿಸಿದ್ದು ನಾನಲ್ವೇನ್ರೀ" ಎಂದಳು. "ಸಾಕು ಸಾಕು ಅಂತ ಕೈ ಅಡ್ಡ ಹಿಡಿದ್ರು. ಆ ಕೈ ಸರಿಸಿ ಹಾಕಿದೋಳು ನಾನು."

ಮಾರನೆಯ ದಿನ ಹಬ್ಬಕ್ಕೆ ಬೇರೆ ಎರಡು ಮನೆಯವರು ಬಂದರು. ಕಡುಬು ಚೆನ್ನಾಗಿತ್ತು ಎಂದರು. ಸಾಕು ಎಂದವರಿಗೆ ನನ್ನ ಹೆಂಡತಿ ಇನ್ನೊಂದು ಹಾಕಲಿಲ್ಲ.